ಹೇಳಿದಷ್ಟೇ ತಿರುಗುವ ಮೋಟಾರು

ರಿಪೇರಿಗೆ ಕೊಟ್ಟಿದ್ದ ಮಿಕ್ಸಿ ತರಲು ಹೋದ ತಿಂಗಳು ಶಿಕಾರಿಪುರದ ಪೇಟೆಬೀದಿಗೆ ಹೋಗಿದ್ದೆ. ಅಂಗಡಿಯ ಒಳಗಡೆ ಯಾರೋ ಬೆಸುಗೆ ಹಾಕುತ್ತಿದ್ದರು. ಬೆಸುಗೆಯ ತಂತಿ ಕರಗುವಾಗ ಅದರೊಳಗಿನ ರಾಳ ಸುಟ್ಟು ಒಂದು ಎಳೆ ಹೊಗೆ ಏಳುತ್ತದೆ. ದೇವರ ಮನೆಯ ಧೂಪಕ್ಕೆ ಹತ್ತಿರದ್ದು, ಆದರೆ ಧೂಪಕ್ಕಿಂತ ಚುರುಕು. ಅದು ಮೂಗಿಗೆ ಬಡಿದದ್ದೇ ನಾನು ಮಿಕ್ಸಿಯ ವಿಷಯ ಮರೆತು ಸುಮ್ಮನೆ ನಿಂತೆ. ನಿಂತವಳ ಕಣ್ಣಿಗೆ ಕೌಂಟರಿನ ಗಾಜಿನಡಿ ಸಾಲಾಗಿ ಇಟ್ಟಿದ್ದ ನೀಲಿ ಬಣ್ಣದ ಪುಟ್ಟ ಪುಟ್ಟ ಮೋಟಾರುಗಳು ಕಂಡವು. ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ, ಜಾತ್ರೆಯ ಮಿಠಾಯಿಯ ಹಾಗೆ.

“ಇವು ಸರ್ವೋ ಮೋಟಾರಾ?” ಅಂದೆ.

ಅಂಗಡಿಯಾತ ನನ್ನ ನರೆತ ಕೂದಲನ್ನೂ ಕೈಯಲ್ಲಿದ್ದ ತರಕಾರಿ ಚೀಲವನ್ನೂ ನೋಡಿದ. “ಹೌದ್ರೀ ಅಮ್ಮಾ. ಪ್ರಾಜೆಕ್ಟು, ರೋಬೋಟು ಅಂತ ಸ್ಕೂಲಿನೋರು ಒಯ್ತಾರೆ. ಹತ್ತು ತಗಂಡ್ರೆ ಇನ್ನೂ ಅಗ್ಗ. ನಿಮಗೆ ಹೆಂಗೆ ಗೊತ್ತು ಇದು?”

ಒಂದನ್ನು ಅಂಗೈ ಮೇಲೆ ಇಡಿಸಿಕೊಂಡೆ. ತೂಕವೇ ಇಲ್ಲ. ಇಂಥವೇ ಎರಡಕ್ಕಾಗಿ, ಅದೂ ಯಾರೋ ಬಳಸಿ ಬಿಟ್ಟ ಎರಡಕ್ಕಾಗಿ, ನಮ್ಮ ಮನೆಯಲ್ಲಿ ಒಂದು ಇಡೀ ಬೇಸಿಗೆ ಕಳೆದಿತ್ತು ಎಂದು ಆತನಿಗೆ ಹೇಗೆ ಹೇಳಲಿ? “ಗೊತ್ತು, ಅಷ್ಟೇ” ಎಂದು ನಕ್ಕು ಮಿಕ್ಸಿ ಎತ್ತಿಕೊಂಡು ಬಂದೆ.

ಅದು ತೊಂಬತ್ತೇಳನೇ ಇಸವಿ. ನಮ್ಮದು ಬಟ್ಟೆ ಅಂಗಡಿಯ ಮನೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಕಿರುಬಾಗಿಲು. ಬಾಗಿಲಿನ ಆ ಕಡೆ ನನ್ನ ಮಾವ ಮತ್ತು ನನ್ನ ಯಜಮಾನರು, ಈ ಕಡೆ ಅತ್ತೆ ಮತ್ತು ನಾನು. ನಾನು ಸೊರಬದಿಂದ ಈ ಮನೆಗೆ ಬಂದು ಆಗ ಐದು ವರ್ಷವಾಗಿತ್ತು. ನನ್ನ ನಾದಿನಿ ಶೈಲಾ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷ ಓದುತ್ತಿದ್ದಳು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವಳು.

ಆ ವರ್ಷ ಸಂಕ್ರಾಂತಿಯ ಮಾರನೆಯ ದಿನ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಹುಬ್ಬಳ್ಳಿಯ ಒಂದು ಕಾರ್ಖಾನೆಯವರು ಕಾಲೇಜಿಗೆ ಬಂದು ಶೈಲಾಳನ್ನು ಅಪ್ರೆಂಟಿಸ್ ಕೆಲಸಕ್ಕೆ ಆರಿಸಿಕೊಂಡಿದ್ದರು, ಡಿಪ್ಲೊಮಾ ಇದೇ ಸಲ ಮುಗಿಯಬೇಕೆಂಬ ಷರತ್ತಿನ ಮೇಲೆ. ಇನ್ನೊಂದು, ಜಡೆ ಎಂಬ ಊರಿನಿಂದ ಅವಳಿಗೊಂದು ಸಂಬಂಧ ಕೇಳಿಕೊಂಡು ಬಂದಿತ್ತು. ಜಡೆಯವರು ಒಳ್ಳೆಯ ಜನ. ಹುಡುಗನೂ ಒಳ್ಳೆಯವನೆಂದೇ ಎಲ್ಲರೂ ಹೇಳಿದರು. ಆದ್ದರಿಂದಲೇ ಬೇಡ ಎನ್ನಲು ಯಾರ ಬಾಯಲ್ಲೂ ಕಾರಣವಿರಲಿಲ್ಲ.

ಮಾವ ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆಯಾಗಿರುವಾಗಲೇ ತೀರ್ಮಾನ ಹೇಳಿಬಿಟ್ಟರು. “ಈ ಸಲ ಪಾಸಾದ್ರೆ ಹುಬ್ಬಳ್ಳಿ. ಇಲ್ಲಾಂದ್ರೆ ಜಡೆ. ಮುಂದಿನ ಸಲ ನೋಡನ ಅನ್ನೋ ಮಾತಿಲ್ಲ.”

ಪಾಠಗಳದ್ದು ಶೈಲಾಳಿಗೆ ಭಯವಿರಲಿಲ್ಲ. ಭಯವಿದ್ದದ್ದು ಪ್ರಾಜೆಕ್ಟಿನದು. ಏನಾದರೊಂದು ಸಾಧನ ಮಾಡಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅದನ್ನು ನಡೆಸಿ ತೋರಿಸಬೇಕು. ನಡೆಯದಿದ್ದರೆ ಆ ವರ್ಷ ಹೋದಂತೆ. ಅವಳ ಜೊತೆಗಾತಿಗೆ ಡಿಸೆಂಬರಿನಲ್ಲಿ ಮದುವೆಯಾಗಿ, ಆ ಹುಡುಗಿ ಪುಸ್ತಕಗಳನ್ನು ಇವಳಿಗೇ ಕೊಟ್ಟು ಹೋಗಿದ್ದಳು. ಈಗ ಶೈಲಾ ಒಬ್ಬಳೇ.

“ಕೈ ಮಾಡ್ತೀನಿ ಅತ್ತಿಗೆ” ಅಂದಳು. “ಮನುಷ್ಯರ ಕೈ ಥರ ಮಣಿಯೋದು. ಒಂದು ವಸ್ತು ಹಿಡಿದು, ಎತ್ತಿ, ಬೇರೆ ಕಡೆ ಇಡೋದು.”

“ಅದಕ್ಕೆ ಎಂತ ಬೇಕು?”

“ಎರಡು ಸರ್ವೋ ಮೋಟಾರು.” ಅತ್ತೆಗೂ ಅರ್ಥವಾಗಲೆಂದು ಅವಳು ಬಿಡಿಸಿ ಹೇಳಿದಳು. “ಫ್ಯಾನಿನ ಮೋಟಾರು ಕರೆಂಟ್ ಕೊಟ್ರೆ ಸುತ್ತುತ್ತಾನೇ ಇರುತ್ತೆ. ಎಲ್ಲಿ ನಿಲ್ಬೇಕು ಅಂತ ಅದಕ್ಕೆ ಗೊತ್ತಿಲ್ಲ. ಸರ್ವೋ ಹಂಗಲ್ಲ. ಕಾಲು ಸುತ್ತು ಅಂದ್ರೆ ಕಾಲು ಸುತ್ತು, ಅರ್ಧ ಅಂದ್ರೆ ಅರ್ಧ. ಹೇಳಿದಷ್ಟೇ ತಿರುಗಿ ಅಲ್ಲೇ ನಿಂತ್ಕಂತದೆ.”

ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಅಂದರು, “ಗಂಡಸರಾಗೆ ಅಂಥಾದ್ದು ಒಂದು ಸಿಕ್ಕಿದ್ರೆ ಹೇಳೇ. ಜಡೆಯೋರಿಗೆ ಬ್ಯಾಡ ಅಂತ ನಾನೇ ಹೇಳಿ ಕಳಿಸ್ತೀನಿ.”

ಆ ದಿನ ಮಾವನ ಮುಂದೆ ಹೋಗಿ ಪ್ರಾಜೆಕ್ಟಿನ ಸಾಮಾನಿನ ಜವಾಬ್ದಾರಿ ನನ್ನದು ಎಂದು ನಾನೇ ಒಪ್ಪಿಕೊಂಡೆ. ಮೋಟಾರು ಎಲ್ಲಿ ಸಿಗುತ್ತದೆ ಎಂಬುದು ಕೂಡ ನನಗೆ ಗೊತ್ತಿರಲಿಲ್ಲ. ಮಾವ ನನ್ನನ್ನೊಮ್ಮೆ ನೋಡಿ, “ಆಗ್ಲಿ ನೀನೇ ನೋಡ್ಕ” ಅಂದರು. ಅಷ್ಟೇ.

ಮಾಘ ಮಾಸಕ್ಕೆ ಮದುವೆ ಬಟ್ಟೆಯ ವ್ಯಾಪಾರ ಶುರುವಾಗುವ ಮುಂಚೆ ನಮ್ಮ ಯಜಮಾನರು ಸೀರೆ ತರಲು ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತಿದ್ದರು. ಆ ಸಲ ಹಟ ಮಾಡಿ ನಾನೂ ಹೊರಟೆ. ಮೋಟಾರು, ತಂತಿ, ರೇಡಿಯೋ ಬಿಡಿಭಾಗಗಳ ಬೀದಿ ಚಿಕ್ಕಪೇಟೆಗೆ ಬೆನ್ನಿಗೆ ಬೆನ್ನು ಹಚ್ಚಿಕೊಂಡೇ ಇದೆ ಎಂದು ಶೈಲಾಳ ಮೇಷ್ಟ್ರು ಹೇಳಿದ್ದರು. ಇವರು ಗಾದಿಯ ಮೇಲೆ ಕೂತು ಸೀರೆಯ ಸೆರಗು ತಿಕ್ಕಿ ನೋಡುತ್ತಿರುವಾಗ ನಾನು ಚೀಟಿ ಹಿಡಿದು ಆ ಬೀದಿಗೆ ಹೊರಟೆ. ಹೊರಡುವಾಗ ಇವರು ಕಿವಿಯಲ್ಲಿ ಹೇಳಿದ್ದರು: “ಬೇಕು ಅನ್ನೋದು ಮುಖದ ಮೇಲೆ ಕಾಣಿಸ್ಬೇಡ. ಕೈಯಾಗೆ ಹಿಡಿ, ಕೆಳಗಿಡು, ಮೂರು ಹೆಜ್ಜೆ ಹಿಂದಕ್ಕೆ ಬಾ. ಕರೀತಾರೆ.”

ಎಂಟು ಅಂಗಡಿಗಳಲ್ಲಿ ಇಲ್ಲವೆಂದರು. ಒಂಬತ್ತನೆಯದು ಗೋಡೆಯಲ್ಲೊಂದು ಗೂಡಿನಷ್ಟಿತ್ತು. ಅದರೊಳಗೆ ಕನ್ನಡಕ ಹಾಕಿಕೊಂಡ ಒಬ್ಬ ಹಿರಿಯರು ಕೂತಿದ್ದರು. ಹೊಸ ಸರ್ವೋಗೆ ಅವರು ಹೇಳಿದ ಬೆಲೆಗೆ ನಮ್ಮ ಅಂಗಡಿಯಲ್ಲಿ ಒಂದು ರೇಷ್ಮೆ ಸೀರೆ ಬರುತ್ತಿತ್ತು. ನನ್ನ ಮುಖ ನೋಡಿ ಅವರು ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಆಟದ ವಿಮಾನಗಳನ್ನು ರೇಡಿಯೋದಿಂದ ಹಾರಿಸುವವರು ಇರುತ್ತಾರಂತೆ. ವಿಮಾನ ಬಿದ್ದು ಮುರಿದಾಗ ಒಳಗಿನ ಮೋಟಾರು ಬಿಚ್ಚಿ ಮಾರುತ್ತಾರಂತೆ. ಡಬ್ಬಿಯಲ್ಲಿ ಅಂಥವು ಮೂರಿದ್ದವು.

“ಇದೊಂದರ ಒಳಗಿನ ಹಲ್ಲಿನ ಚಕ್ರ ಎಲ್ಲ ಹಿತ್ತಾಳೆ. ಈ ಎರಡರದು ಪ್ಲಾಸ್ಟಿಕ್. ಒಂದು ಹಿತ್ತಾಳೆದರ ದುಡ್ಡಿಗೆ ಪ್ಲಾಸ್ಟಿಕ್ಕಿನವು ಎರಡು ಬರ್ತವೆ. ಯಾವುದು ಕೊಡ್ಲಿ?”

ಕೈಯಲ್ಲಿ ಹಿಡಿದೆ, ಕೆಳಗಿಟ್ಟೆ, ಮೂರು ಹೆಜ್ಜೆ ಹಿಂದಕ್ಕೂ ಬಂದೆ. ಅವರು ಕರೆಯಲಿಲ್ಲ. ದಿನಪತ್ರಿಕೆ ಬಿಡಿಸಿ ಓದತೊಡಗಿದರು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಎಲ್ಲವನ್ನೂ ಕಲಿಸಿದ್ದರು, ಚೌಕಾಸಿ ಒಂದನ್ನು ಬಿಟ್ಟು. ತಿರುಗಿ ಹೋಗಿ, “ಪ್ಲೀಸ್, ಆ ಎರಡು ಕೊಡಿ” ಅಂದೆ. ಅವರಿಗೆ ನಗು ಬಂದು ತಾವಾಗಿಯೇ ಸ್ವಲ್ಪ ಬಿಟ್ಟರು.

ಒಂದು ಗಟ್ಟಿಯಾದದ್ದರ ಬದಲು ಎರಡು ಹಗುರವಾದವು. ಪಂಚೆಯಾಗಲಿ ಟವೆಲ್ಲಾಗಲಿ ಜೋಡಿಯಲ್ಲೇ ಕೊಳ್ಳುವ ಮನೆಯವಳು ನಾನು. ಜೋಡಿ ಸಿಕ್ಕಿತಲ್ಲ ಎಂದು ಹಿಗ್ಗಿಕೊಂಡೇ ಬಂದೆ. ಶೈಲಾಳೂ ಹಿಗ್ಗಿದಳು. ಕೀಲು ಎರಡಿದ್ದರೆ ಮೋಟಾರೂ ಎರಡು ಬೇಕೇ ಬೇಕು.

ಆಮೇಲಿನ ಶನಿವಾರಗಳು ನನಗೆ ಹಬ್ಬದಂತಿದ್ದವು. ಹಿತ್ತಲ ಪಡಸಾಲೆಯಲ್ಲಿ ಒಂದು ಹಳೆಯ ಮಣೆಯೇ ನಮ್ಮ ಮೇಜು. ಶೈಲಾಳಿಗೆ ಮೋಟಾರಿನ ಒಳಗುಟ್ಟೆಲ್ಲ ಅರ್ಥವಾಗುತ್ತಿತ್ತು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಹೋದವಳಿಗೆ ಉದ್ದುದ್ದ ಇಂಗ್ಲಿಷ್ ವಾಕ್ಯ ಬಂದರೆ ಉಸಿರು ಕಟ್ಟುತ್ತಿತ್ತು. ನನಗೆ ಇಂಗ್ಲಿಷ್ ನೀರಿನ ಹಾಗೆ, ಆದರೆ ಅದರಲ್ಲಿ ಬರೆದದ್ದು ಏನೆಂದು ಗೊತ್ತಿಲ್ಲ. ಕಾಲೇಜಿನಿಂದ ತಂದ ಪುಸ್ತಕವನ್ನು ನಾನು ಓದಿ ಕನ್ನಡದಲ್ಲಿ ಹೇಳುವುದು, ಅವಳು “ಹಾಂ, ಹಂಗೆ!” ಎಂದು ತಂತಿ ಜೋಡಿಸುವುದು. ಮೋಟಾರಿಗೆ ಮೂರು ತಂತಿ. ಎರಡು ಬ್ಯಾಟರಿಯವು. ಮೂರನೆಯದರಲ್ಲಿ ನಾಡಿ ಬಡಿದಂತೆ ಸಣ್ಣ ಸಣ್ಣ ಮಿಡಿತಗಳು ಹೋಗುತ್ತವೆ. ಮಿಡಿತ ಗಿಡ್ಡವಾದರೆ ಕೈ ಕೆಳಗೆ, ಉದ್ದವಾದರೆ ಕೈ ಮೇಲೆ. ಇದನ್ನು ಓದಿ ಹೇಳುವಾಗ ನಾನೇ ಬೆರಗಾಗಿ ನನ್ನ ಮುಂಗೈ ಮುಟ್ಟಿ ನೋಡಿಕೊಂಡಿದ್ದೆ.

ಮೊದಲ ಸಲ ಬೆಸುಗೆ ಹಾಕಿದ ಸಂಜೆ ಅತ್ತೆ ಅಡುಗೆಮನೆಯಿಂದ ಕೂಗಿದರು. “ಯಾರೇ ಅದು, ದೀಪ ಹಚ್ಚೋಕೆ ಮುಂಚೆನೇ ಧೂಪ ಹಾಕಿರೋದು?”

“ಮೋಟಾರಿಗೆ ಪೂಜೆ ಅತ್ತೆ” ಅಂದೆ.

“ಅದಕ್ಕಾದ್ರೂ ನಿಷ್ಠೆಯಿಂದ ಮಾಡ್ರಿ. ಹೇಳಿದ ಮಾತು ಕೇಳೋ ದೇವರು ಇನ್ನೆಲ್ಲಿ ಸಿಗ್ತಾನೆ.”

ಅಂಗಡಿಯಲ್ಲಿ ಸವೆದು ಹೋದ ಮೀಟರ್ ಕೋಲನ್ನು ಕೊಯ್ದು ತೋಳು ಮಾಡಿದೆವು. ಅದರ ಮೇಲೆ ಸೆಂಟಿಮೀಟರಿನ ಗೆರೆಗಳು ಹಾಗೇ ಉಳಿದಿದ್ದವು. ಸೈಕಲ್ಲಿನ ಕಡ್ಡಿಗಳು ನರಗಳಾದವು. ನನ್ನ ಎರಡು ಹೇರ್‌ಕ್ಲಿಪ್ಪು ಬೆರಳುಗಳಾದವು. ಒಂದು ಮೋಟಾರು ಭುಜಕ್ಕೆ, ಇನ್ನೊಂದು ಬೆರಳಿಗೆ. ಶಿವರಾತ್ರಿ ಕಳೆದ ಮೇಲಿನ ಭಾನುವಾರ, ಮಧ್ಯಾಹ್ನ ಕರೆಂಟ್ ಹೋಗಿ ಇಡೀ ಬೀದಿ ಬೀಸಣಿಗೆ ಹಿಡಿದು ಜಗಲಿಗೆ ಬಂದಿದ್ದ ಹೊತ್ತಿನಲ್ಲಿ, ನಾಲ್ಕು ಪೆನ್ಸಿಲ್ ಸೆಲ್ಲಿನ ಬಲದ ಮೇಲೆ ಆ ಕೈ ಎದ್ದಿತು. ಶೈಲಾ ಒಂದು ಗುಂಡಿ ತಿರುಗಿಸಿದಳು. ಕೈ ಬಗ್ಗಿತು. ಇನ್ನೊಂದು ತಿರುಗಿಸಿದಳು. ಬೆರಳುಗಳು ಒಂದು ದಾರದ ರೀಲನ್ನು ಹಿಡಿದವು. ಮೊದಲ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಕೈ ಮೇಲೆ ಬಂತು, ಸ್ವಲ್ಪ ನಡುಗಿತು, ನಿಂತಿತು. ಹೇಳಿದಲ್ಲೇ ನಿಂತಿತು! ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಬೀಸಣಿಗೆಯ ಜನಕ್ಕೆ ಕೇಳಿಸದ ಹಾಗೆ ಕಿರುಚಿದೆವು.

ಮಾವ ಕಿರುಬಾಗಿಲಲ್ಲಿ ನಿಂತು ನೋಡಿದ್ದರು. “ದಾರದ ರೀಲು ಎತ್ತಾಕೆ ಇಷ್ಟೆಲ್ಲ ಬೇಕಾ?” ಅಂದು ಅಂಗಡಿಗೆ ಹೋದರು. ಶೈಲಾಳ ಮುಖ ಸಣ್ಣದಾಯಿತು.

ಹಾಸ್ಟೆಲಿನಲ್ಲಿ ಇಲಿಗಳ ಕಾಟವಿದ್ದದ್ದರಿಂದ ಕೈಯನ್ನು ನಮ್ಮ ಮನೆಯಲ್ಲೇ, ಪಡಸಾಲೆಯ ಗಾಜಿನ ಬೀರುವಿನಲ್ಲಿ ಇಟ್ಟೆವು. ಯುಗಾದಿ ಬಂತು, ಹೋಯಿತು. ಮದುವೆ ಬಟ್ಟೆಗೆಂದು ತಾಳಗುಂದ, ಬಳ್ಳಿಗಾವಿ ಕಡೆಯಿಂದ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಬರುತ್ತಿದ್ದ ದಿನಗಳು. ನೀರು ಕೊಟ್ಟು, ಬೆಲ್ಲ ಕೊಟ್ಟು, ಚಹಾ ಕಾಸಿ ನನಗೆ ಕೂರಲು ಪುರಸೊತ್ತಿರಲಿಲ್ಲ. ಪರೀಕ್ಷಕರು ಬರಲು ಹತ್ತು ದಿನವಿರುವಾಗ ಶೈಲಾ ಓದುವ ರಜೆಗೆ ಮನೆಗೆ ಬಂದಳು. ಕೈಯನ್ನು ಹೊರಗೆ ತೆಗೆದು, ಹೊಸ ಸೆಲ್ ಹಾಕಿ ಗುಂಡಿ ತಿರುಗಿಸಿದಳು.

ಗುರ್ರ್ ಎಂದು ಸದ್ದಾಯಿತು. ಕೈ ಏಳಲಿಲ್ಲ. ಬೆರಳಿನ ಗುಂಡಿ ತಿರುಗಿಸಿದಳು. ಅಲ್ಲಿಯೂ ಗುರ್ರ್.

“ಒಳಗೆ ಹಲ್ಲು ಮುರಿದಿದೆ ಅತ್ತಿಗೆ” ಅಂದಳು. “ಎರಡರದೂ.”

ಮೋಟಾರು ತಂದವಳು ನಾನು. ಗಟ್ಟಿಯದನ್ನು ಬಿಟ್ಟು ಅಗ್ಗದ್ದನ್ನು ಆರಿಸಿದವಳು ನಾನು. ಬೀರುವಿಗೆ ಬೀಗ ಹಾಕದವಳೂ ನಾನು. ಕೂಡಲೇ ಎಸ್.ಟಿ.ಡಿ. ಬೂತಿಗೆ ಓಡಿ ರಸೀತಿಯ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಅಂಥದ್ದು ಈಗ ಒಂದೂ ಇಲ್ಲ, ಹಿತ್ತಾಳೆಯದೂ ಹೋಯಿತು, ಹೊಸದನ್ನು ತರಿಸಲು ಮೂರು ವಾರ ಬೇಕು ಎಂದರು ಆ ಹಿರಿಯರು.

ಮನೆಗೆ ಬಂದರೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು.

“ನಿಮ್ಮ ಮಾವ ಮಾಡಿದ್ದು. ನೀನು ಕೇಳ್ಬ್ಯಾಡ.”

“ಎಂತ ಅತ್ತೆ?”

“ಎಂತ, ಎಂತ! ನಿಮ್ಮ ಸೊರಬದೋರದು ಇದೊಂದು. ಬಟ್ಟೆ ತಗಳಾಕೆ ಬಂದೋರನ್ನೆಲ್ಲ ಒಳಕ್ಕೆ ಕರಕಂಡು ಬಂದು ತೋರಿಸ್ಯಾರೆ. ‘ನಮ್ಮ ಶೈಲಾ ಮಾಡಿದ್ದು ನೋಡ್ರೀ, ಇದು ಕೈ, ಎತ್ತೋ ಕೈ’ ಅಂತ. ದಿನಾ. ನೀನು ಚಾ ಕಾಸೋ ಹೊತ್ತಿಗೆ.”

ನನಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ನಮ್ಮ ಅಂಗಡಿಗೆ ಬಂದವರು ಬಟ್ಟೆಯನ್ನು ಕಣ್ಣಿನಿಂದ ನೋಡುವುದಿಲ್ಲ, ಕೈಯಿಂದ ನೋಡುತ್ತಾರೆ. ಎಳೆದು, ಹಿಂಡಿ, ತಿರುಚಿ, ಆಮೇಲೆ ಬೆಲೆ ಕೇಳುತ್ತಾರೆ. ಮಾವನೇ ಮೊದಲು ಎಳೆದು ತೋರಿಸುತ್ತಾರೆ: ‘ಹರಿಯಲ್ಲ, ನೀವೇ ಎಳೀರಿ.’ ಆ ಪಾಪದ ಕೈಯನ್ನೂ ಹಾಗೆಯೇ ತೋರಿಸಿದ್ದಾರೆ. ಬಂದವರೆಲ್ಲ ಅದರ ತೋಳು ಹಿಡಿದು ಹಿಂದೆ ಮುಂದೆ ತಿರುವಿ, ಗಟ್ಟಿ ಐತೆ ಎಂದು ಮೆಚ್ಚಿ ಹೋಗಿದ್ದಾರೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ದಾರದ ರೀಲು ಎತ್ತಲು ಇಷ್ಟೆಲ್ಲ ಬೇಕೇ ಎಂದವರು ಇವರೇ ಅಲ್ಲವೇ ಎಂದುಕೊಂಡು ಕಣ್ಣು ತುಂಬಿ ಬಂತು.

ಶೈಲಾಳಿಗೆ ನಾನು ಹೇಳಲಿಲ್ಲ. ಹೇಳಬೇಕಾದವಳು ನಾನಲ್ಲ ಅನ್ನಿಸಿತು.

ನನ್ನ ತವರಿನಲ್ಲಿ, ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ, ಇಮಾಮ್ ಸಾಬರೆಂಬ ಗಡಿಯಾರ ರಿಪೇರಿಯವರಿದ್ದರು. ಅಪ್ಪನ ಕೈಗಡಿಯಾರವನ್ನು ಎಷ್ಟೋ ಸಲ ಬದುಕಿಸಿದವರು. ಇಷ್ಟು ಸಣ್ಣ ಹಲ್ಲು ನೋಡಬಲ್ಲವರು ಈ ಎರಡು ತಾಲ್ಲೂಕಿನಲ್ಲಿ ಅವರೊಬ್ಬರೇ ಎಂದು ನನಗೆ ಹೊಳೆಯಿತು. ಮಾರನೆಯ ಬೆಳಿಗ್ಗೆ ನಾನೂ ಶೈಲಾಳೂ ಹೊರಟು ನಿಂತಾಗ ಮಾವ ಟೋಪಿ ಹಾಕಿಕೊಂಡು ಬಂದರು. “ನಾನೂ ಬರ್ತೀನಿ. ಸೊರಬದಾಗೆ ಒಬ್ಬರನ್ನ ನೋಡೋದೈತೆ.” ಮದುವೆ ದಿನಗಳಲ್ಲಿ ಅಂಗಡಿ ಬಿಟ್ಟು ಅವರು ಎಲ್ಲಿಗೂ ಹೋದದ್ದನ್ನು ನಾನು ಕಂಡಿರಲಿಲ್ಲ.

ಶಿರಾಳಕೊಪ್ಪ ದಾಟಿದ ಮೇಲೆ ಮರಗಳ ನೆರಳು ದಟ್ಟವಾಗಿ, ಬಸ್ಸಿನ ಕಿಟಕಿಯ ಗಾಳಿಯಲ್ಲಿ ಸುಡುವುದು ಕಡಿಮೆಯಾಯಿತು. ಶೈಲಾ ಮಡಿಲಲ್ಲಿ ಸೋಪಿನ ಡಬ್ಬಿ ಇಟ್ಟುಕೊಂಡಿದ್ದಳು. ಒಳಗೆ ಎರಡು ಮೋಟಾರು, ಹತ್ತಿಯಲ್ಲಿ ಸುತ್ತಿ.

ಇಮಾಮ್ ಸಾಬರು ನನ್ನನ್ನು ಕಂಡು, “ಎಂತಮ್ಮಾ ಸುಮಾ, ಅಪ್ಪನ ಗಡಿಯಾರ ಮತ್ತೆ ನಿಂತಿತಾ?” ಅಂದರು. ವಿಷಯ ಕೇಳಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎರಡು ಮೋಟಾರನ್ನೂ ಬಿಚ್ಚಿದರು. ಬಿಳಿ ಕಾಗದದ ಮೇಲೆ ಒಂದು ಸಾಲು ಇದರ ಚಕ್ರ, ಇನ್ನೊಂದು ಸಾಲು ಅದರ ಚಕ್ರ. ಅಕ್ಕಿ ಕಾಳಿಗಿಂತ ದೊಡ್ಡದಲ್ಲದ ಹಲ್ಲುಗಳು. ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು. ಉಸಿರು ಬಿಟ್ಟರೆ ಹಾರಿಹೋಗುವಂತಿದ್ದವು.

“ಇದು ತಾನಾಗಿ ಮುರಿದಿದ್ದಲ್ಲ ಮಾರಾಯ್ರೆ” ಅಂದರು. “ಯಾರೋ ಹೊರಗಿಂದ ಕೈ ಹಾಕಿ ತಿರುಗಿಸಿದಾರೆ. ತುದಿ ಮುಟ್ಟಿದ ಮೇಲೂ ಬಿಡಲಿಲ್ಲ. ಒಳಗಿಂದ ತಿರುಗೋ ಜಾತಿ ಇದು. ಹೊರಗಿಂದ ತಿರುಗಿಸಿದರೆ ಹಲ್ಲೇ ಹೋಗೋದು. ಯಾರು ಮಾಡಿದ್ದು?”

ಹೊರಗೆ ಒಂದು ಬಸ್ಸು ಬಂದು ನಿಂತು, ಜನ ಇಳಿದು, ಹೋಯಿತು. ನಾನು ಕಾಗದದ ಮೇಲಿಂದ ಕಣ್ಣೆತ್ತಲಿಲ್ಲ.

“ನಾನೇ” ಅಂದರು ಮಾವ.

ಶೈಲಾ ತಿರುಗಿ ನೋಡಿದಳು. ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. “ಅಂಗಡಿಗೆ ಬಂದೋರಿಗೆ ತೋರಿಸ್ತಿದ್ದೆನಮ್ಮಾ. ಎಲ್ಲರೂ ಮುಟ್ಟಿ ನೋಡಿದ್ರು. ನಾನೇ ನೋಡ್ರಿ ಅಂದೆ.”

ಅವಳು ಒಂದು ಮುರಿದ ಚಕ್ರವನ್ನು ಬೆರಳ ತುದಿಯಿಂದ ಸರಿಸಿದಳು. ಆಮೇಲೆ ಕೇಳಿದಳು, “ಎಷ್ಟು ಜನಕ್ಕೆ ತೋರಿಸಿದ್ರಿ ಅಪ್ಪಾಜಿ?”

“ಎಣಿಸಿಲ್ಲ. ನಲವತ್ತು ಐವತ್ತು ಜನ ಇರಬೌದು.”

“ಐವತ್ತು ಜನಾನಾ!”

“ಬಳ್ಳಿಗಾವಿಯೋರು ಒಂದು ಎತ್ತಿನಗಾಡಿ ತುಂಬ ಬಂದಿದ್ರು. ಅವರದ್ದು ಬ್ಯಾರೆ.”

ಅವಳಿಗೆ ಅಳು ಬರುತ್ತದೆಂದು ನಾನು ಸೆರಗು ಸಿದ್ಧ ಮಾಡಿಕೊಂಡಿದ್ದೆ. ಅವಳು ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಇಮಾಮ್ ಸಾಬರೂ ಭೂತಗನ್ನಡಿ ಕಳಚಿಟ್ಟು ನಕ್ಕರು. ಮಾವ ಮಾತ್ರ ನಗಲಿಲ್ಲ. “ಇದು ಆಗ್ತದಾ ಹೇಳ್ರಿ ಮೊದಲು” ಅಂದರು.

ಸಾಬರು ಚಿಮುಟದಿಂದ ಒಂದೊಂದೇ ಚಕ್ರ ಎತ್ತಿ ನೋಡಿದರು. ಇದರಲ್ಲಿ ಮೂರನೆಯ ಚಕ್ರ ಹೋಗಿದೆ, ಉಳಿದದ್ದು ಚೆನ್ನಾಗಿದೆ. ಅದರಲ್ಲಿ ಕೊನೆಯದು ಹೋಗಿದೆ, ಮೂರನೆಯದು ಚೆನ್ನಾಗಿದೆ. “ಎರಡೂ ಒಂದೇ ತಾಯಿ ಮಕ್ಕಳು. ಅದರದ್ದು ಇದಕ್ಕೆ ಕೂತ್ಕೊಳ್ಳುತ್ತೆ. ಎರಡು ಸೇರಿ ಒಂದು ಮಾಡಿಕೊಡಬಹುದು. ಎರಡೂ ಬೇಕು ಅಂದ್ರೆ ನನ್ನ ಕೈಲಿ ಆಗದು.”

“ಎರಡು ಕೀಲಿಗೆ ಎರಡು ಬೇಕಲ್ರೀ?” ಮಾವ ಕೇಳಿದರು. ಅದನ್ನು ಅವರು ತಿಳಿದುಕೊಂಡಿದ್ದರೆಂಬುದೇ ನನಗೆ ಆಶ್ಚರ್ಯ.

“ಒಂದು ಸಾಕು” ಅಂದಳು ಶೈಲಾ. ಬಿಳಿ ಕಾಗದದ ಮೂಲೆಯಲ್ಲಿ ಆಗಲೇ ಪೆನ್ಸಿಲಿನಿಂದ ಏನೋ ಗೀಚುತ್ತಿದ್ದಳು. “ಹಿಡಿಯೋ ಕೈ ಬೇಡ. ಎತ್ತೋ ಕೈ ಸಾಕು. ಬೆರಳಿನ ಬದಲು ಕೊಕ್ಕೆ ಇಡ್ತೀನಿ.”

ಇಮಾಮ್ ಸಾಬರು ಎರಡನ್ನು ಒಂದು ಮಾಡಿದರು. ಒಂದು ಹನಿ ಗಡಿಯಾರದ ಎಣ್ಣೆಯನ್ನೂ ಬಿಟ್ಟರು. ಕೂಲಿ ಎಷ್ಟು ಎಂದರೆ, “ನಡೆದ ಮೇಲೆ ಬಂದು ಹೇಳಿ ಸಾಕು” ಅಂದರು. ವಾಪಸು ಬರುವಾಗ ಸೋಪಿನ ಡಬ್ಬಿಯನ್ನು ಮಾವ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಸೊರಬದಲ್ಲಿ ಅವರು ನೋಡಬೇಕಾಗಿದ್ದ ಆ ಒಬ್ಬರು ಯಾರೆಂದು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಒಂಬತ್ತು ದಿನ. ಮನೆಯಲ್ಲಿದ್ದ ನನ್ನ ಕ್ರೋಶಾ ಕಡ್ಡಿ, ಕಾನ್ವೆಂಟಿನಲ್ಲಿ ಲೇಸು ಹೆಣೆಯುತ್ತಿದ್ದದ್ದು, ಅದರ ತುದಿಯ ಕೊಕ್ಕೆ ಸರಿಯಾಗಿ ಹೊಂದಿತು. ರೀಲಿನ ತಲೆಗೆ ಒಂದು ದಾರದ ಕುಣಿಕೆ. ಕೊಕ್ಕೆ ಕುಣಿಕೆಯೊಳಗೆ ಹೋಗಿ ರೀಲನ್ನು ಎತ್ತಬೇಕು, ಅರ್ಧಚಂದ್ರದ ಹಾಗೆ ಆ ಕಡೆಗೆ ಒಯ್ಯಬೇಕು, ಇಳಿಸಬೇಕು. ಎತ್ತಿದ್ದನ್ನು ಬಿಡುವುದೇ ಕಷ್ಟವಾಗಿತ್ತು. ಕೊಕ್ಕೆಯಿಂದ ಕುಣಿಕೆ ಜಾರದೆ ರೀಲು ತೂಗಾಡುತ್ತಿತ್ತು. ಏಳನೆಯ ದಿನ ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನೋಡಿ, “ಬಾವಿಯಿಂದ ಕೊಡ ಎತ್ತಿದ ಮ್ಯಾಲೆ ನಾವು ಹಗ್ಗ ಸಡಿಲ ಬಿಡಲ್ವೇನೆ? ನೆಲ ಮುಟ್ಟಿದ ಮ್ಯಾಲೂ ಇನ್ನೊಂಚೂರು ಕೆಳಕ್ಕೆ ಹೋಗ್ಲಿ” ಅಂದರು. ಶೈಲಾ ಗುಂಡಿಯನ್ನು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದಳು. ಕುಣಿಕೆ ಸಡಿಲವಾಯಿತು. ಕೊಕ್ಕೆ ಖಾಲಿಯಾಗಿ ಮೇಲೆ ಬಂತು.

ಆ ಒಂಬತ್ತು ದಿನವೂ ಮಾವ ಅಂಗಡಿಗೆ ಬಂದವರನ್ನು ಕಿರುಬಾಗಿಲಿನ ಈ ಕಡೆಗೆ ಬಿಡಲಿಲ್ಲ. “ಒಳಗೆ ಕೆಲಸ ನಡೀತೈತೆ” ಎನ್ನುತ್ತಿದ್ದರು. ನಮ್ಮ ಮನೆಯ ಒಳಗೆ ನಡೆಯುವುದನ್ನು ಅವರು ಕೆಲಸ ಎಂದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಪರೀಕ್ಷೆಯ ದಿನ ನಾನೂ ಮಾವನೂ ಅವಳ ಜೊತೆ ಶಿವಮೊಗ್ಗಕ್ಕೆ ಹೋದೆವು. ಕಾಲೇಜಿನ ಕಾರಿಡಾರಿನಲ್ಲಿ ಒಂದು ಉದ್ದನೆಯ ಬೆಂಚು. ಬಾಗಿಲು ಅರ್ಧ ತೆರೆದಿತ್ತು. ಪರೀಕ್ಷಕರ ಬೂಟು, ಶೈಲಾಳ ಸೀರೆಯ ಅಂಚು, ಮೇಜಿನ ಒಂದು ಕಾಲು ಇಷ್ಟೇ ಕಾಣುತ್ತಿತ್ತು. ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

“ಒಂದೇ ಕೀಲಾ? ರಿಪೋರ್ಟಿನಲ್ಲಿ ಎರಡು ಅಂತ ಇದೆಯಲ್ಲಮ್ಮಾ.”

ನನ್ನ ಪಕ್ಕದಲ್ಲಿ ಮಾವ ಎದ್ದು ನಿಂತರು. ನಾನು ಅವರ ತೋಳು ಮುಟ್ಟಿ ಕೂರಿಸಿದೆ. ಮಾವನ ಮೈ ಮುಟ್ಟಿದ್ದು ಅದೊಂದೇ ಸಲ ಇರಬೇಕು.

ಶೈಲಾ ಎಲ್ಲವನ್ನೂ ಹೇಳಿದಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಹಳೆಯ ಮೋಟಾರು, ಪ್ಲಾಸ್ಟಿಕ್ ಹಲ್ಲು, ಹೊರಗಿನಿಂದ ಬಲ ಬಿದ್ದರೆ ಯಾವ ಚಕ್ರ ಮೊದಲು ಹೋಗುತ್ತದೆ, ಯಾಕೆ ಹೋಗುತ್ತದೆ, ಎರಡನ್ನು ಸೇರಿಸಿ ಒಂದು ಮಾಡಿದ್ದು ಹೇಗೆ. ಯಾರು ಮುರಿದರೆಂದು ಮಾತ್ರ ಹೇಳಲಿಲ್ಲ. ಆಮೇಲೆ ಮೋಟಾರಿನ ಸಣ್ಣ ಝೇಂಕಾರ ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು. ನಿಂತಿತು.

“ಇನ್ನೊಂದ್ಸಲ ಮಾಡಿ” ಅಂದರು ಪರೀಕ್ಷಕರು. ಮೂರು ಸಲ ಮಾಡಿಸಿದರು. ಮೂರನೆಯ ಸಲ ಕುರ್ಚಿ ಸರಿದ ಸದ್ದಾಗಿ ಬೂಟುಗಳು ಮೇಜಿನ ಹತ್ತಿರಕ್ಕೆ ಬಂದವು.

ಹೊರಗೆ ಬಂದ ಶೈಲಾಳಿಗೂ ಏನೂ ಗೊತ್ತಿರಲಿಲ್ಲ. “ನೋಡೋಣ ಅಂದ್ರು ಅತ್ತಿಗೆ. ನಗಲೂ ಇಲ್ಲ, ಬೈಯಲೂ ಇಲ್ಲ.” ಆಮೇಲೆ ಉಳಿದ ಪರೀಕ್ಷೆಗಳನ್ನೂ ಬರೆದಳು. ಮೇ ತಿಂಗಳು ಕುದಿಯಿತು. ಜಡೆಯವರು ಎರಡು ಸಲ ಹೇಳಿ ಕಳಿಸಿದರು. ಎರಡು ಸಲವೂ ಮಾವ, “ರಿಸಲ್ಟ್ ಬರ್ಲಿ” ಎಂದಷ್ಟೇ ಉತ್ತರ ಕೊಟ್ಟರು. ಶೈಲಾ ನನ್ನ ಜೊತೆ ರೊಟ್ಟಿ ಬಡಿದಳು, ಸಂಡಿಗೆ ಹಾಕಿದಳು, ಪಕ್ಕದ ಮನೆಯ ರೇಡಿಯೋ ರಿಪೇರಿ ಮಾಡಿಕೊಟ್ಟಳು. ಹುಬ್ಬಳ್ಳಿಯ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದರೆ ಎಲ್ಲಿ ಕೈತಪ್ಪುತ್ತದೋ ಎನ್ನುವವಳ ಹಾಗೆ.

ಮಳೆ ಹಿಡಿದ ಮೇಲೆ ಒಂದು ದಿನ, ಕಾಲೇಜಿನಲ್ಲಿ ಪಟ್ಟಿ ಹಚ್ಚುತ್ತಾರೆಂದು ಸುದ್ದಿ ಬಂತು. ಶೈಲಾ ಹೋಗಲು ಹೆದರಿದಳು. ಮಾವ ಯಾರಿಗೂ ಹೇಳದೆ ಮೊದಲ ಬಸ್ಸಿಗೆ ತಾವೇ ಹೋಗಿಬಿಟ್ಟರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರ‌ಲಿಲ್ಲ. ಅವಳ ಪರೀಕ್ಷೆಯ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಂತೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯ ಕಡೆಯಿಂದ ಅಲ್ಲ, ಹಿತ್ತಲ ಕಡೆಯಿಂದ ಬಂದರು. ಛತ್ರಿ ಇದ್ದರೂ ಭುಜವೆಲ್ಲ ನೆನೆದಿತ್ತು. ಕಾಲಿಗೆ ನೀರು ಹಾಕಿಕೊಂಡು ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತರು. ಅತ್ತೆ ಟವೆಲ್ಲು ಕೊಟ್ಟರು. ನಾನು ನೀರು ತಂದು ನಿಂತೆ. ಶೈಲಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು, ಹೊಸ್ತಿಲು ದಾಟಲಿಲ್ಲ.

ಮಾವ ನಿಧಾನವಾಗಿ ತಲೆ ಒರೆಸಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ ಅಂದರು:

“ಅಟ್ಟದ ಮೇಲೆ ತಗಡಿನ ಟ್ರಂಕು ಐತಲ್ಲ. ಇಳಿಸಿ ನೋಡು, ಬೀಗ ಸರಿ ಐತಾ ಅಂತ. ಹುಬ್ಬಳ್ಳಿ ದೂರ.”